ಅಲೆಮಾರಿಗೂ ಒಂದು ಖಾಯಂ ವಿಳಾಸ

ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣದಂಥ ಊರುಗಳಿಂದ ಹೋಗಿ ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿ ಕಂಪ್ಯೂಟರ್ ಕೆಲಸ ಹಿಡಿದಿರುವ ನಮ್ಮ ಯುವಕರ ಬಾಯಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಬಯಕೆ ಕೇಳಿಬರುತ್ತಿದೆ. ಒಂದೇ ಊರಲ್ಲಿ ಬಾಡಿಗೆ ಕಟ್ಟಿಕೊಂಡು ಕೂರುವುದೇಕೆ? ಕೆಲವು ತಿಂಗಳು ಮಲೇಷ್ಯಾ, ಕೆಲವು ತಿಂಗಳು ಜಾರ್ಜಿಯಾ, ಇನ್ನೊಂದಿಷ್ಟು ದಿನ ಟರ್ಕಿ. ಹಬ್ಬಕ್ಕೆ ಊರಿಗೆ ಬರುವುದು, ಮತ್ತೆ ಹೊರಡುವುದು. ಲ್ಯಾಪ್‌ಟಾಪ್ ಎಲ್ಲಿದೆಯೋ ಅಲ್ಲೇ ಕಚೇರಿ. ಇದೊಂದು ಅರೆ ಅಲೆಮಾರಿ ಬದುಕು. ಇದಕ್ಕೆ ಬೇಕಾದ ಸಿದ್ಧತೆಯ ಪಟ್ಟಿಯೂ ಅವರ ಬಳಿ ಇದೆ. ಕೈಯಲ್ಲಿ ಎಷ್ಟು ಹಣವಿರಬೇಕು, ಚೀಲ ಎಷ್ಟು ಕಿಲೋ ಮೀರಬಾರದು, ಯಾವ ವೀಸಾ, ಯಾವ ವಿಮೆ, ಆಫ್ರಿಕಾಕ್ಕೆ ಹೋಗುವುದಾದರೆ ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮುಂಚೆಯೇ ಹಾಕಿಸಿಕೊಳ್ಳಬೇಕು, ಇತ್ಯಾದಿ.

ಈ ಬಯಕೆಯನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಹಿಂದುಳಿದ ಜಿಲ್ಲೆಯೆಂದು ಹೆಸರಾದ ಬೀದರಿನ ಮಕ್ಕಳು ಲೋಕವನ್ನು ನೋಡಬೇಕೆಂದು ಹಂಬಲಿಸುವುದು ಸಂತೋಷದ ಸಂಗತಿ. ನಮ್ಮ ಪ್ರಶ್ನೆ ಸಾಹಿತ್ಯಕ್ಕೆ ಸಂಬಂಧಿಸಿದ್ದು. ಹೀಗೆ ಹೊರಡುವವರಿಗೆ ನಮ್ಮ ಪ್ರವಾಸ ಸಾಹಿತ್ಯ ಏನನ್ನು ಹೇಳಿಕೊಡುತ್ತಿದೆ? ಪ್ರವಾಸ ಕಥನಗಳು ಸಾಮಾನ್ಯವಾಗಿ ವಿಮಾನ ಏರಿದ ಮೇಲೆ ಬಿಚ್ಚಿಕೊಳ್ಳುತ್ತವೆ. ಅದಕ್ಕೆ ಮುಂಚಿನ ಸಂಗತಿಗಳು, ಅಂದರೆ ಹಣ ಎಲ್ಲಿಂದ ಬಂತು, ಮನೆಯಲ್ಲಿ ಯಾರನ್ನು ಬಿಟ್ಟು ಬಂದರು, ಅವರ ಹೊಣೆ ಯಾರು ಹೊತ್ತರು ಎಂಬ ವಿವರಗಳು ಎರಡು ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಪ್ರವಾಸ ಕಥನವೊಂದರ ಪ್ರಾಮಾಣಿಕತೆಯನ್ನು ಅಳೆಯಬೇಕಾದುದು ಅದು ಹೊರಡುವ ಗಳಿಗೆಯನ್ನು ಹೇಗೆ ಬರೆದಿದೆ ಎಂಬುದರಿಂದ ಎಂದು ನಮಗೆ ಅನಿಸುತ್ತದೆ.

ಹೊರಡುವ ಮುಂಚಿನ ಪುಟಗಳು

ಕನ್ನಡದ ಪ್ರವಾಸ ಸಾಹಿತ್ಯ ಬಡವಾದುದಲ್ಲ. ಶಿವರಾಮ ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ಮತ್ತು ‘ಅಪೂರ್ವ ಪಶ್ಚಿಮ’ ಒಂದು ತಲೆಮಾರಿಗೆ ಶಿಲ್ಪವನ್ನೂ ಊರುಗಳನ್ನೂ ನೋಡುವ ಕಣ್ಣು ಕೊಟ್ಟವು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹೇಮಾವತಿ ದಂಡೆಯ ಮುದುಕರೊಬ್ಬರು ಅಮೆರಿಕವನ್ನು ಅಂಜದೆ ನೋಡಿದ ಪುಸ್ತಕ ಅದು. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಕೃತಿಯಲ್ಲಿ ಹೆಣ್ಣೊಬ್ಬಳು ಅಷ್ಟು ದೂರ ಹೊರಡುವುದೇ ಒಂದು ವಿಷಯವೆಂಬ ಅರಿವಿದೆ. ರಹಮತ್ ತರೀಕೆರೆಯವರು ‘ಅಂಡಮಾನ್ ಕನಸು’ ಬರೆದವರು ಮಾತ್ರವಲ್ಲ, ‘ಕರ್ನಾಟಕದ ಸೂಫಿಗಳು’ ಕೃತಿಗಾಗಿ ದರ್ಗಾದಿಂದ ದರ್ಗಾಕ್ಕೆ ತಿರುಗಿ, ತಿರುಗಾಟವನ್ನೇ ವಿದ್ವತ್ತಿನ ವಿಧಾನ ಮಾಡಿಕೊಂಡವರು.

ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕದ ಹೆಸರೇ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿ ಆ ಪದವನ್ನು ಬಳಸಿದ್ದರಲ್ಲಿ ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ಧಾಟಿಯಿದೆ. ಅವರ ನಂತರ ಬಂದವರಿಗೆ ಅದೊಂದು ಬಿರುದಾಯಿತು. ರಜೆ ಹಾಕಿ ಹದಿನೈದು ದಿನ ಯೂರೋಪು ನೋಡಿ ಬಂದವರೂ ಮುನ್ನುಡಿಯಲ್ಲಿ ‘ನಾನೊಬ್ಬ ಅಲೆಮಾರಿ’ ಎನ್ನತೊಡಗಿದರು. ಕನ್ನಡದಲ್ಲಿ ‘ಅಲೆಮಾರಿ’ ಎಂಬುದು ಬಹುಕಾಲ ಬೈಗುಳವಾಗಿತ್ತು. ಪೊಲೀಸು ದಫ್ತರದಲ್ಲಿ ಅದು ಅನುಮಾನದ ಇನ್ನೊಂದು ಹೆಸರಾಗಿತ್ತು. ಇಂಥ ಪದವನ್ನು ಮನೆಯುಳ್ಳವರು ಎತ್ತಿಕೊಂಡು ಆಭರಣದಂತೆ ತೊಟ್ಟುಕೊಂಡಾಗ, ಅದರ ಮೂಲ ವಾರಸುದಾರರು ಎಲ್ಲಿ ಹೋದರು ಎಂದು ವಿಮರ್ಶೆ ಕೇಳಬೇಕಿತ್ತು. ಕೇಳಲಿಲ್ಲ.

ಬೀದರಿಗೆ ಬಂದ ಸಾಲಗಾರ

ಹೊರಡುವ ಗಳಿಗೆಯನ್ನು ಮುಚ್ಚಿಡದೆ ಬರೆದ ಹಳೆಯ ಕಥನವೊಂದು ನಮ್ಮ ಜಿಲ್ಲೆಗೇ ಸಂಬಂಧಿಸಿದೆ. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬಹಮನಿ ರಾಜಧಾನಿ ಬೀದರಿನಲ್ಲಿದ್ದ. ಅವನ ‘ಮೂರು ಸಮುದ್ರಗಳಾಚೆಯ ಯಾತ್ರೆ’ಯನ್ನು ನಮ್ಮ ಇತಿಹಾಸಕಾರರು ಸುಲ್ತಾನರ ಮೆರವಣಿಗೆ, ಆನೆ, ಸೈನ್ಯಗಳ ವರ್ಣನೆಗಾಗಿ ಉದ್ಧರಿಸುತ್ತ ಬಂದಿದ್ದಾರೆ. ಪ್ರಜೆಗಳು ಬಡವರು, ಅಮೀರರು ವೈಭೋಗದಲ್ಲಿದ್ದಾರೆ ಎಂಬ ಅವನ ಮಾತೂ ಪಠ್ಯಪುಸ್ತಕಗಳಿಗೆ ಬಂದಿದೆ. ಆದರೆ ಅವನು ಹೊರಟದ್ದೇಕೆ ಎಂಬುದು ನಮಗೆ ಮುಖ್ಯ.

ನಿಕಿತಿನ್ ಭಾರತ ನೋಡಲೆಂದು ಮನೆ ಬಿಟ್ಟವನಲ್ಲ. ವೋಲ್ಗಾ ನದಿಯ ಗುಂಟ ಕಾಸ್ಪಿಯನ್ ಸಮುದ್ರದ ಕಡೆಗೆ ವ್ಯಾಪಾರಕ್ಕೆ ಹೊರಟಿದ್ದ. ಅಸ್ತ್ರಾಖಾನ್ ಬಳಿ ಸರಕೆಲ್ಲ ಲೂಟಿಯಾಯಿತು. ಅವನ ತಂಡದಲ್ಲಿ ಊರಿನಲ್ಲಿ ಅಷ್ಟಿಷ್ಟು ಆಸ್ತಿ ಇದ್ದವರು ಹಿಂದಿರುಗಿದರು. ಸಾಲ ತಂದು ಸರಕು ಹೊತ್ತವರಿಗೆ ಮರಳುವ ಮುಖವಿರಲಿಲ್ಲ. ನಿಕಿತಿನ್ ಮುಂದೆ ಮುಂದೆ ನಡೆದ. ಬಾಕು, ಇರಾನ್, ಹುರ್ಮುಜ್ ದಾಟಿ, ಕುದುರೆಯೊಂದನ್ನು ಕೊಂಡು ಹಡಗಿನಲ್ಲಿ ಚೌಲ್ ಬಂದರಿಗೆ ಬಂದ. ಭಾರತದಲ್ಲಿ ಕುದುರೆಗೆ ಒಳ್ಳೆಯ ಬೆಲೆ ಎಂಬ ಸುದ್ದಿಯೇ ಅವನ ಬಂಡವಾಳ. ಜುನ್ನಾರಿನಲ್ಲಿ ಅಲ್ಲಿನ ಅಧಿಕಾರಿ ಅಸದ್ ಖಾನ್ ಆ ಕುದುರೆಯನ್ನೇ ಕಿತ್ತುಕೊಂಡು, ಧರ್ಮ ಬದಲಿಸಿದರೆ ಕುದುರೆಯ ಜೊತೆಗೆ ಚಿನ್ನವನ್ನೂ ಕೊಡುವೆನೆಂದ. ಕೊನೆಗೆ ಅವನ ಪರವಾಗಿ ನಿಂತು ಮಾತಾಡಿ ಕುದುರೆ ಬಿಡಿಸಿಕೊಟ್ಟವನು ಖುರಾಸಾನಿನ ಒಬ್ಬ ಮುಸ್ಲಿಂ. ಅಧಿಕಾರದಲ್ಲಿದ್ದ ಮುಸ್ಲಿಮನ ದಬ್ಬಾಳಿಕೆ ಮತ್ತು ದಾರಿಯಲ್ಲಿ ಸಿಕ್ಕ ಮುಸ್ಲಿಮನ ಉಪಕಾರ, ಎರಡನ್ನೂ ನಿಕಿತಿನ್ ಬರೆದಿಟ್ಟ. ಎರಡನ್ನೂ ಓದುವ ಧೈರ್ಯ ನಮಗಿರಬೇಕು.

ಆ ಕುದುರೆ ಬೀದರಿನಲ್ಲಿ ಮಾರಾಟವಾಯಿತು. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ನಡೆಯುತ್ತಿದ್ದ ಹತ್ತು ದಿನಗಳ ಜಾತ್ರೆಯನ್ನೂ, ಅಲ್ಲಿನ ಕುದುರೆ ವ್ಯಾಪಾರವನ್ನೂ ಅವನು ಬರೆದಿದ್ದಾನೆ. ಅದು ಲಾಡ್ಲೆ ಮಶಾಯಕರ ಆಳಂದವೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನ ಕಥನದ ತೀರ ನೋವಿನ ಭಾಗ ಬೇರೆಯೇ ಇದೆ. ಲೂಟಿಯಲ್ಲಿ ಅವನ ಧರ್ಮಗ್ರಂಥಗಳೂ ಹೋಗಿದ್ದರಿಂದ ಈಸ್ಟರ್ ಹಬ್ಬ ಯಾವ ದಿನ ಎಂಬ ಲೆಕ್ಕ ತಪ್ಪಿಹೋಯಿತು. ಸುತ್ತಲಿನವರು ರಮಝಾನ್ ಉಪವಾಸ ಹಿಡಿದಾಗ ತಾನೂ ಉಪವಾಸವಿದ್ದ. ಅವನು ಹಳಹಳಿಸಿದ್ದು ಸರಕಿಗಾಗಿ ಎಷ್ಟೋ, ಕಳೆದುಹೋದ ಪಂಚಾಂಗಕ್ಕಾಗಿ ಅದಕ್ಕಿಂತ ಹೆಚ್ಚು. ಇಂದಿನ ಸಿದ್ಧತೆಯ ಪಟ್ಟಿಗಳಲ್ಲಿ ಈ ವಸ್ತು ಇಲ್ಲ. ದೂರದಲ್ಲಿ ಬಹುಕಾಲ ಇರುವವನಿಗೆ ತನ್ನ ಊರಿನ ದಿನಗಳ ಲೆಕ್ಕ ಬೇಕಾಗುತ್ತದೆ ಎಂಬುದನ್ನು ಐದೂವರೆ ಶತಮಾನದ ಹಿಂದಿನ ಈ ಬಡ ವ್ಯಾಪಾರಿ ತಿಳಿಸಿದ. ಮರಳುವ ದಾರಿಯಲ್ಲಿ, ಸ್ಮೋಲೆನ್ಸ್ಕ್ ತಲುಪುವ ಮುನ್ನವೇ ತೀರಿಕೊಂಡ. ತ್ವೇರ್ ಮತ್ತೆ ಕಾಣಲಿಲ್ಲ.

1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಸಿಲಿ ಪ್ರೋನಿನ್ ಸೇರಿ ಈ ಕಥೆಯನ್ನು ‘ಪರದೇಸಿ’ ಎಂಬ ಸಿನಿಮಾ ಮಾಡಿದರು. ನರ್ಗಿಸ್ ಅದರ ನಾಯಕಿ. ಎರಡು ದೇಶಗಳ ಸ್ನೇಹದ ಹೆಸರಿನಲ್ಲಿ ಬಂದ ಆ ಚಿತ್ರದಲ್ಲಿ ಸಾಲದ ಕಥೆ ಪ್ರೇಮದ ಕಥೆಯಾಯಿತು. ಅಬ್ಬಾಸರಂಥ ಎಡಪಂಥೀಯ ಲೇಖಕರಿಗೂ ಸಾಲಗಾರನಿಗಿಂತ ಪ್ರೇಮಿಯೇ ಹೆಚ್ಚು ಒಗ್ಗಿದ್ದು ಸೋಜಿಗ. ತಿರುಗಾಟದ ಹಿಂದಿನ ಲೆಕ್ಕಪತ್ರವನ್ನು ಅಳಿಸಿ ಅದನ್ನು ಚೆಂದಗಾಣಿಸುವ ಅಭ್ಯಾಸ ನಮ್ಮ ಕಾಲದ್ದು ಮಾತ್ರವಲ್ಲ.

ಬಿಟ್ಟುಹೋದವರ ಲೆಕ್ಕ

ಮುಸ್ಲಿಂ ಓದುಗರಿಗೆ ಪ್ರವಾಸಿ ಎಂದೊಡನೆ ಮನಸ್ಸಿಗೆ ಬರುವ ಹೆಸರು ಇಬ್ನ್ ಬತೂತ. 1325ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ತಂಜೀರಿನಿಂದ ಹಜ್ಜಿಗೆ ಹೊರಟವರು ಊರಿನ ಕಡೆಗೆ ಮರಳಿದ್ದು 1349ರಲ್ಲಿ. ಇಬ್ನ್ ಜುಝಯ್ಯ್ ಎಂಬ ವಿದ್ವಾಂಸರು ಅವರ ಬಾಯಿಂದ ಕೇಳಿ ಬರೆದ ‘ರಿಹ್ಲಾ’ 1355ರಲ್ಲಿ ಮುಗಿಯಿತು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮದ್ರಸಾಗಳಿದ್ದವು, ಗಂಡುಮಕ್ಕಳಿಗೆ 23 ಇದ್ದವು ಎಂದು ಅವರು ದಾಖಲಿಸಿದ್ದನ್ನು ನಾವು ಹೆಮ್ಮೆಯಿಂದ ಮತ್ತೆ ಮತ್ತೆ ಹೇಳುತ್ತೇವೆ. ಹೇಳಬೇಕು ಕೂಡ.

ಆದರೆ ‘ರಿಹ್ಲಾ’ವನ್ನು ಇನ್ನೊಂದು ಕಡೆಯಿಂದ ಓದಬೇಕಾಗಿದೆ. ದೆಹಲಿಯಲ್ಲಿ ಸುಲ್ತಾನನಿಗೆ ಕಾಣಿಕೆ ಕೊಡಲೆಂದು ವ್ಯಾಪಾರಿಗಳಿಂದ ಸಾಲ ತಂದ ಇಬ್ನ್ ಬತೂತರ ತಲೆಯ ಮೇಲೆ ಬೆಳೆದ ಮೊತ್ತ 55,000 ದಿನಾರ್. ಹೋದಲ್ಲೆಲ್ಲ ಮದುವೆಯಾದರು, ಹೊರಡುವಾಗ ತಲಾಖ್ ಕೊಟ್ಟರು. ಮಾಲ್ದೀವಿನಲ್ಲೂ ಹೀಗೆಯೇ. 1348ರಲ್ಲಿ ದಮಾಸ್ಕಸ್ಸಿಗೆ ಮರಳಿದಾಗ, ಹಿಂದೆ ಅಲ್ಲಿ ಬಿಟ್ಟುಹೋಗಿದ್ದ ಹೆಂಡತಿಗೆ ಹುಟ್ಟಿದ್ದ ಮಗ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ತಂದೆ ತೀರಿ ಹದಿನೈದು ವರ್ಷವಾಗಿದ್ದ ಸುದ್ದಿಯೂ ಅಲ್ಲೇ ಸಿಕ್ಕಿತು. ತಾಯಿಯನ್ನಾದರೂ ನೋಡೋಣವೆಂದು ಹೋದರೆ, ಪ್ಲೇಗಿನಲ್ಲಿ ಆಕೆ ಹೋಗಿಬಿಟ್ಟಿದ್ದಳು. ಇಬ್ನ್ ಬತೂತ ಇದನ್ನೆಲ್ಲ ಮುಚ್ಚಿಡಲಿಲ್ಲ ಎಂಬುದು ಅವರ ಹಿರಿಮೆ. ಆದರೆ ಆ ಮಗನ ತಾಯಿ ಏನು ಉಂಡಳು, ಹೇಗೆ ಬದುಕಿದಳು ಎಂಬುದು ಆ ದೊಡ್ಡ ಪುಸ್ತಕದಲ್ಲಿ ಇಲ್ಲ. ಲೋಕದ ಅತಿ ಪ್ರಸಿದ್ಧ ಪ್ರವಾಸ ಕಥನದಲ್ಲಿ ಹೀಗೊಂದು ಖಾಲಿ ಪುಟವಿದೆ. ಅದನ್ನು ಓದದೆ ಇಬ್ನ್ ಬತೂತರನ್ನು ಯುವಕರ ಮುಂದೆ ಆದರ್ಶವಾಗಿ ಇಡುವುದು ಅರ್ಧ ಕೆಲಸ.

ಇದಕ್ಕೆ ಎದುರಾಗಿ ನಮ್ಮ ಹಿರಿಯರ ಹಜ್ ಸಿದ್ಧತೆಯನ್ನು ನೆನೆಯಬಹುದು. 1995ರವರೆಗೆ ಮುಂಬಯಿಯಿಂದ ಹಡಗಿನಲ್ಲಿ ಹಜ್ಜಿಗೆ ಹೋಗಬಹುದಿತ್ತು. ಹೈದರಾಬಾದ್ ಕರ್ನಾಟಕದ ಊರುಗಳಿಂದ ಹೊರಡುವವರಿಗೆ ಅದು ತಿಂಗಳುಗಳ ಪ್ರಯಾಣ. ಅವರ ಸಿದ್ಧತೆ ಚೀಲದಿಂದ ಶುರುವಾಗುತ್ತಿರಲಿಲ್ಲ. ಮೊದಲು ಸಾಲ ತೀರಿಸಬೇಕು. ಹಿಂದಿರುಗುವವರೆಗೆ ಮನೆಯವರ ಊಟ ಬಟ್ಟೆಗೆ ಇಟ್ಟುಹೋಗಬೇಕು. ವಸೀಯತ್ ಬರೆದಿಡಬೇಕು. ಆಮೇಲೆ ಓಣಿಯ ಮನೆಮನೆಗೂ ಹೋಗಿ, ಜಾತಿ ಮತ ನೋಡದೆ, ‘ಕಹಾ ಸುನಾ ಮಾಫ್ ಕರೋ’ ಎಂದು ಕೈಹಿಡಿದು ಕೇಳಬೇಕು. ಪಕ್ಕದ ಮನೆಯ ಲಿಂಗಾಯತ ಗೌಡರಿಂದಲೂ ಮನ್ನಿಸಿದೆ ಎಂಬ ಮಾತು ಬರಬೇಕು. ಇದನ್ನು ನಾವು ಧಾರ್ಮಿಕ ವಿಧಿಯೆಂದಷ್ಟೇ ನೋಡಿದ್ದೇವೆ. ದೀರ್ಘ ಪ್ರಯಾಣಕ್ಕೆ ಮನುಷ್ಯ ಕಂಡುಕೊಂಡ ಅತ್ಯಂತ ವಿವೇಕದ ಸಿದ್ಧತೆ ಇದು. ಹೊರಡುವವನು ಬಿಟ್ಟುಹೋಗುವವರಿಗೆ ಋಣಿ ಎಂಬುದನ್ನು ಇದು ಒಪ್ಪಿಕೊಳ್ಳುತ್ತದೆ.

ವಿಳಾಸ ಇಲ್ಲದವರು

ಈಗ ಪದದ ನಿಜವಾದ ವಾರಸುದಾರರ ಕಡೆ ಬರೋಣ. ಉತ್ತರ ಕರ್ನಾಟಕದಲ್ಲಿ ಹೆಳವರಿದ್ದಾರೆ. ಎತ್ತಿನ ಬಂಡಿ ಹೂಡಿಕೊಂಡು ಊರೂರು ತಿರುಗಿ, ಮನೆತನಗಳ ವಂಶಾವಳಿಯನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಪರರ ಮನೆತನದ ಖಾಯಂ ದಾಖಲೆಯನ್ನು ಕಾಪಾಡುವವರು ತಾವು ತಿರುಗುತ್ತಲೇ ಇರುತ್ತಾರೆ! ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಗೋಂಧಳಿಗಳು ಇದ್ದಾರೆ. ಮುಸ್ಲಿಮರಲ್ಲಿ ಬಿಜಾಪುರ ಕಡೆಯ ಛಪ್ಪರಬಂದರಿದ್ದಾರೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕೆಂಗಣ್ಣು ಅವರ ಮೇಲೂ ಬಿತ್ತು. ತಿರುಗುವುದೇ ಅಪರಾಧದ ಗುರುತೆಂದು ಸರ್ಕಾರ ನಂಬಿತ್ತು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. 2008ರಲ್ಲಿ ವರದಿ ಕೊಟ್ಟ ಬಾಲಕೃಷ್ಣ ರೇಣ್ಕೆ ಆಯೋಗ ಇಂಥ ಸಮುದಾಯಗಳ ಬಹುಪಾಲು ಜನರಿಗೆ ನಿವೇಶನವಿಲ್ಲ, ಗುರುತಿನ ಕಾಗದಗಳಿಲ್ಲ ಎಂದು ಎತ್ತಿ ತೋರಿಸಿತು.

ಕರ್ನಾಟಕದಲ್ಲಿ ನಿಜಕ್ಕೂ ಅರೆ ಅಲೆಮಾರಿಗಳಾಗಿ ಲೋಕ ಸುತ್ತುತ್ತಿರುವವರು ಹಕ್ಕಿಪಿಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ತೊಡಗಿದರು. ಹುಣಸೂರು ತಾಲೂಕಿನ ಪಕ್ಷಿರಾಜಪುರದಿಂದ, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಕ್ಯಾಂಪುಗಳಿಂದ ಪಾಸ್‌ಪೋರ್ಟ್ ಮಾಡಿಸಿಕೊಂಡು ಆಫ್ರಿಕಾದ ದೇಶಗಳಿಗೆ ಹೋದರು. ತಿಂಗಳುಗಟ್ಟಲೆ ಇದ್ದು, ಎಣ್ಣೆ ಮಾರಿ, ಊರಿಗೆ ಬಂದು, ಸಾಲ ತೀರಿಸಿ, ಮತ್ತೆ ಹೋಗುತ್ತಾರೆ. ಮನೆಯಲ್ಲಿ ವಾಗ್ರಿ ಮಾತು, ಸಂತೆಯಲ್ಲಿ ಕನ್ನಡ, ಅಲ್ಲಿ ಹೋಗಿ ಅಲ್ಲಿನ ಮಾತು.

2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧ ಹತ್ತಿತು. ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಕರ್ನಾಟಕದಲ್ಲಿ ಆಗ ಚುನಾವಣೆಯ ಕಾವು. ಅವರನ್ನು ಕರೆತರಬೇಕೆಂದು ಆಗಿನ ವಿರೋಧ ಪಕ್ಷದ ನಾಯಕ ಸಿದ್ಧರಾಮಯ್ಯ ಕೇಳಿದರು. ವಿದೇಶಾಂಗ ಸಚಿವ ಜೈಶಂಕರ್ ಇದು ರಾಜಕೀಯವೆಂದರು. ಏಪ್ರಿಲ್ 24ರಂದು ಆರಂಭವಾದ ‘ಆಪರೇಷನ್ ಕಾವೇರಿ’ಯಲ್ಲಿ ಅವರು ಪೋರ್ಟ್ ಸೂಡಾನ್, ಜಿದ್ದಾಗಳ ಮೂಲಕ ಮನೆ ಸೇರಿದರು. ನಮ್ಮ ಪತ್ರಿಕೆಗಳಿಗೆ ಅದೊಂದು ವಾರದ ಅಚ್ಚರಿ. ‘ಹಕ್ಕಿ ಹಿಡಿಯುವವರು ಆಫ್ರಿಕಾಕ್ಕೆ ಏಕೆ ಹೋದರು?’ ಎಂಬ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಹೆಚ್ಚಾಗಿ ‘ಅವರಿಗೇಕೆ ಬೇಕಿತ್ತು’ ಎಂಬ ಧ್ವನಿಯಿತ್ತು. ಬೆಂಗಳೂರಿನ ಎಂಜಿನಿಯರ್ ಮೂರು ತಿಂಗಳು ಹೊರದೇಶದಲ್ಲಿದ್ದು ಬಂದರೆ ಅದು ಅನುಭವ. ಹಕ್ಕಿಪಿಕ್ಕಿ ಹೆಂಗಸು ಮೂರು ದೇಶ ತಿರುಗಿ ಬಂದರೆ ಅದು ವಿಚಿತ್ರ. ಅವರ ಪ್ರವಾಸ ಕಥನ ಕನ್ನಡದ ಪ್ರವಾಸ ಸಾಹಿತ್ಯದ ಕಪಾಟಿನಲ್ಲಿ ನಮಗೆ ಕಾಣಸಿಗುವುದಿಲ್ಲ. ಬಂದರೆ, ಯುರೋಪಿನ ಸೇತುವೆ ಗೋಪುರಗಳ ವರ್ಣನೆಗಿಂತ ಅದು ನಮಗೆ ಹೆಚ್ಚು ಕಲಿಸೀತು.

ಇಲ್ಲೊಂದು ವ್ಯಂಗ್ಯವಿದೆ. ತಿರುಗಾಡಲು ಬೇಕಾದ ಮೊದಲ ಕಾಗದ ಪಾಸ್‌ಪೋರ್ಟ್. ಅದಕ್ಕೆ ಅರ್ಜಿ ಹಾಕಲು ವಿಳಾಸ ಬೇಕು. ಆ ವಿಳಾಸಕ್ಕೆ ಪೊಲೀಸ್ ವಿಚಾರಣೆ ಬರುತ್ತದೆ. ಓಣಿಯವರು ಹೌದು ಇವನು ಇಲ್ಲಿಯವನೇ ಎನ್ನಬೇಕು. ಮುಂದೆ ಷೆಂಗೆನ್ ದೇಶಗಳ ವೀಸಾ ಬೇಕಾದರೆ ಬ್ಯಾಂಕಿನ ಲೆಕ್ಕ, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ, ಮರಳಿ ಬರುವುದಕ್ಕೆ ಆಧಾರ ಕೊಡಬೇಕು. ಕೊಟ್ಟರೂ 180 ದಿನಗಳಲ್ಲಿ 90 ದಿನ ಮೀರಿ ಇರುವಂತಿಲ್ಲ. ಎಸ್ಟೋನಿಯಾ 2020ರಲ್ಲಿ ತಿರುಗಾಡುತ್ತ ಕೆಲಸ ಮಾಡುವವರಿಗೆಂದೇ ವೀಸಾ ತೆರೆದಾಗ ಕೇಳಿದ್ದು ತಿಂಗಳಿಗೆ 3,504 ಯೂರೋ ಆದಾಯ, ಅಂದರೆ ಆಗಿನ ಸುಮಾರು ಮೂರು ಲಕ್ಷ ರೂಪಾಯಿ. ಬೇರು ಗಟ್ಟಿಯಾಗಿದ್ದವನಿಗೆ ಮಾತ್ರ ತೇಲುವ ಪರವಾನಗಿ. ಇದರ ಮೇಲೆ ಹೆಸರಿನ ಪ್ರಶ್ನೆ ಬೇರೆ ಇದೆ. 2009ರ ಆಗಸ್ಟಿನಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಶಾರುಖ್ ಖಾನರನ್ನೇ ತಡೆದು ಕೂರಿಸಿ ಪ್ರಶ್ನಿಸಿದ್ದರೆ, ಚಿಟಗುಪ್ಪದ ಹುಡುಗನ ಪಾಡೇನು? ನಮ್ಮ ಯುವಕರು ಪಟ್ಟಿ ಮಾಡುವಾಗ ಆ ಕೋಣೆಯಲ್ಲಿ ಕಳೆಯಬೇಕಾದ ಗಂಟೆಗಳನ್ನೂ ಸಹನೆಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಈ ನೆಲದ ಎರಡು ನೆನಪು

ಚಿಟಗುಪ್ಪದ ನೆಲದಲ್ಲಿ ‘ಹೊರಡುವುದು’ ಎಂಬ ಮಾತಿಗೆ ಎರಡು ನೆನಪುಗಳಿವೆ. ಹತ್ತಿರದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದೆಂದರು. ಕಾಶ್ಮೀರದಿಂದ ಮೋಳಿಗೆ ಮಾರಯ್ಯ, ಅಫ್ಘಾನ್ ನಾಡಿನಿಂದ ಮರುಳಶಂಕರದೇವ ಬಂದರೆಂದು ಐತಿಹ್ಯ ಹೇಳುತ್ತದೆ. ದೂರದಿಂದ ಬಂದವರನ್ನು ಎಲ್ಲಿಯವರೆಂದು ಕೇಳದೆ ಕೂರಿಸಿಕೊಂಡು ಉಣಿಸಿದ್ದೇ ಕಲ್ಯಾಣದ ಕೀರ್ತಿ. ಜಂಗಮನಿಗೆ ದಾಸೋಹದ ಮನೆಗಳಿದ್ದವು. ಹಾಗೆಯೇ ಮುಸಾಫಿರನಿಗೆ ಸರಾಯಿ, ಖಾನಖಾಹ್‌ಗಳಿದ್ದವು. ಝಕಾತಿನ ಹಕ್ಕುದಾರರ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ತಿರುಗುವವನ ಬದುಕು ನಿಂತವರ ಆತಿಥ್ಯದ ಮೇಲೆ ನಿಂತಿದೆ ಎಂಬುದನ್ನು ಎರಡೂ ಪರಂಪರೆಗಳು ಬಲ್ಲವು.

ಇನ್ನೊಂದು ನೆನಪು ಕಹಿ. ನಿಜಾಮರ ಕಾಲದಲ್ಲಿ ಚಿಟಗುಪ್ಪ ಪಾಯಗಾ ಜಾಗೀರಿಗೆ ಸೇರಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ, ಅದಕ್ಕೆ ಮುಂಚೆ ರಝಾಕಾರರ ದಾಳಿಗೆ ಹೆದರಿ ಹಿಂದೂಗಳು ಮನೆ ಬಿಟ್ಟಿದ್ದರು. ಆಮೇಲೆ ಮುಸ್ಲಿಮರು ಬಿಟ್ಟರು. ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಸುಂದರ್‌ಲಾಲ್ ಸಮಿತಿ ಹೆಸರಿಸಿತು. ಆ ತಲೆಮಾರಿಗೆ ಸಿದ್ಧತೆ ಎಂದರೆ ಮಕ್ಕಳ ಕೈ ಹಿಡಿದು ರಾತ್ರಿ ಓಡುವುದು. ಅವರ ಮಗ ಕೊಲ್ಲಿ ದೇಶಕ್ಕೆ ಹೋಗಿ ಎರಡು ವರ್ಷಕ್ಕೊಮ್ಮೆ ಮುಖ ತೋರಿಸಿದ. ಮೊಮ್ಮಗ ಈಗ ಇಷ್ಟಪಟ್ಟು ಹೊರಡುತ್ತಿದ್ದಾನೆ. ಇಷ್ಟಪಟ್ಟು ಹೊರಡುವುದು ಎಷ್ಟು ದೊಡ್ಡ ಭಾಗ್ಯವೆಂದು ಅವನಿಗೆ ಹೇಳಿಕೊಡಬೇಕಾದುದು ಸಾಹಿತ್ಯ.

ಆದ್ದರಿಂದ ಪ್ರವಾಸ ಕಥನ ಬರೆಯುವವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹೊರಡುವ ಮುಂಚೆ ಯಾರ ಸಾಲ ತೀರಿಸಿದಿರಿ, ಯಾರದು ಉಳಿಯಿತು ಬರೆಯಿರಿ. ತಾಯಿಗೆ ಔಷಧಿ ತಂದುಕೊಡುತ್ತಿರುವವರು ಯಾರೆಂದು ಬರೆಯಿರಿ. ಆ ಕೆಲಸ ಸಾಮಾನ್ಯವಾಗಿ ಊರಲ್ಲೇ ಉಳಿದ ತಂಗಿಯದೋ ಅತ್ತಿಗೆಯದೋ ಆಗಿರುತ್ತದೆ. ಅವಳ ಹೆಸರೂ ಪುಸ್ತಕದಲ್ಲಿ ಬರಲಿ. ದೂರದ ಊರಲ್ಲಿ ಉಣಿಸಿದವರ ಮನೆಯ ಬಗ್ಗೆ ಬರೆಯುವಾಗ, ಅವರು ನಮ್ಮ ಊರಿಗೆ ಬಂದರೆ ಬಾಡಿಗೆಗೆ ಮನೆ ಸಿಗುತ್ತದೆಯೇ ಎಂದೂ ಕೇಳಿಕೊಳ್ಳಿರಿ. ಅಲೆಮಾರಿ ಎಂದು ನಿಮ್ಮನ್ನು ಕರೆದುಕೊಳ್ಳುವ ಮುನ್ನ, ಊರ ಹೊರಗಿನ ಬಯಲಲ್ಲಿ ಡೇರೆ ಹಾಕಿರುವವರ ಬಳಿ ಒಮ್ಮೆ ಹೋಗಿ ಕೂತು ಬನ್ನಿರಿ. ಅವರು ಪಂಚಾಯಿತಿ ಬಾಗಿಲಲ್ಲಿ ವರ್ಷಗಳಿಂದ ಕೇಳುತ್ತಿರುವುದು ಒಂದು ಖಾಯಂ ವಿಳಾಸವನ್ನು. ಪಾಸ್‌ಪೋರ್ಟಿಗಾಗಿ ನಾವು ಒಂದೇ ಸಾಲಿನಲ್ಲಿ ತುಂಬಿ ಮರೆತುಬಿಡುವುದು ಅದನ್ನೇ.